ಫ್ರಾನ್ಸಿನ ಕಾಲುವೆಗಳಲ್ಲಿ ಒಂದು ಬೇಸಿಗೆ: ಯಾವ ಕಾಲುವೆ, ಯಾವ ತಿಂಗಳು, ಬಾಡಿಗೆಯೋ ಸ್ವಂತ ದೋಣಿಯೋ?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಯಜಮಾನರೂ ನಿವೃತ್ತರಾಗಿ ಮೈಸೂರಿನಲ್ಲಿದ್ದೇವೆ. ಬರುವ ವರ್ಷ ಜೂನ್ 1ರಿಂದ ಆಗಸ್ಟ್ 31ರವರೆಗೆ ಇಡೀ ಬೇಸಿಗೆಯನ್ನು ಫ್ರಾನ್ಸಿನ ಕಾಲುವೆಗಳಲ್ಲಿ, ದೋಣಿಯಲ್ಲೇ ಅಡುಗೆ ಮಾಡಿಕೊಂಡು, ದೋಣಿಯಲ್ಲೇ ಮಲಗಿ ಕಳೆಯಬೇಕೆಂಬ ಆಸೆ ಬಹಳ ಕಾಲದಿಂದ ಇದೆ. ದಕ್ಷಿಣದ ಕನಾಲ್ ದ್ಯು ಮಿದಿಯಿಂದ ಹೊರಟು, ಬರ್ಗಂಡಿ ಕಾಲುವೆ, ನಿವೆರ್ನೆ ಕಾಲುವೆ, ಕೊನೆಗೆ ಸ್ಟ್ರಾಸ್‌ಬರ್ಗಿನ ಕಡೆಗೆ ಹೋಗುವ ಮಾರ್ನ್-ರೈನ್ ಕಾಲುವೆ, ಹೀಗೆ ನಾಲ್ಕನ್ನೂ ಒಂದೇ ದೋಣಿಯಲ್ಲಿ ನೋಡಿ ಬರುವ ಯೋಚನೆ ನಮ್ಮದು.

ಇದು ಸಾಧ್ಯವೇ? ಬಾಡಿಗೆ ದೋಣಿ ಒಳ್ಳೆಯದೋ, ಹಳೆಯ ದೋಣಿಯೊಂದನ್ನು ಕೊಂಡು ಕೊನೆಯಲ್ಲಿ ಮಾರಿಬಿಡುವುದು ಒಳ್ಳೆಯದೋ? ನಮಗಿಬ್ಬರಿಗೂ ದೋಣಿ ನಡೆಸಿ ಅಭ್ಯಾಸವಿಲ್ಲ, ಇಬ್ಬರೂ ಸಸ್ಯಾಹಾರಿಗಳು. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಟುಲೂಸ್ ಕನ್ನಡಿಗ

ಮೇಡಂ, ನಿಮ್ಮ ಆಸೆ ಓದಿ ಸಂತೋಷವಾಯಿತು. ವಿಮಾನ ಕಾರ್ಖಾನೆಯ ಕೆಲಸಕ್ಕಾಗಿ ಟುಲೂಸಿಗೆ ಬಂದ ಕನ್ನಡಿಗರು ಇಲ್ಲಿ ಸಾಕಷ್ಟು ಮಂದಿ ಇದ್ದೇವೆ, ಭಾನುವಾರದ ಸಂಜೆ ನಾವು ನಡೆಯಲು ಹೋಗುವುದು ಇದೇ ಕಾಲುವೆಯ ಏರಿಯ ಮೇಲೆ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ನಾಲ್ಕು ಕಾಲುವೆಗಳ ಯೋಚನೆಯನ್ನು ಬಿಡಿ. ಮಿದಿ ಕಾಲುವೆಯಿಂದ ಬರ್ಗಂಡಿಗೆ ನೀರಿನ ದಾರಿಯಲ್ಲೇ ಹೋಗಬೇಕಾದರೆ ಸೆತ್ ಬಳಿಯ ಥೋ ಸರೋವರವನ್ನು ದಾಟಿ, ಅಲ್ಲಿಂದ ರೋನ್ ನದಿಯನ್ನು ಸೇರಿ, ಅದರ ಪ್ರವಾಹಕ್ಕೆ ಎದುರಾಗಿ, ದೊಡ್ಡ ದೊಡ್ಡ ಸರಕು ಹಡಗುಗಳ ನಡುವೆ ಲಿಯೋನ್‌ವರೆಗೆ ಏರಬೇಕು. ಬಾಡಿಗೆ ದೋಣಿಗಳಿಗೆ ಆ ದಾರಿಯಲ್ಲಿ ಹೋಗಲು ಅನುಮತಿ ಇರುವುದಿಲ್ಲ. ನಿಮಗೆ ಬೇಕಿರುವುದು ಆರಾಮದ ಬೇಸಿಗೆಯಾದರೆ ಒಂದು ಕಾಲುವೆಯನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಳ್ಳಿ. ನಡುವಿನ ದೂರವನ್ನು ರೈಲಿನಲ್ಲಿ ಕ್ರಮಿಸಿ.

ಲೆಕ್ಕಿಗ

ಮೊದಲು ದಿನಗಳ ಲೆಕ್ಕ ನೋಡೋಣ. ಜೂನ್ 30, ಜುಲೈ 31, ಆಗಸ್ಟ್ 31, ಒಟ್ಟು 92 ದಿನ. ಫ್ರಾನ್ಸ್ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ಮಾತ್ರ ಇರಬಹುದು. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಅಂದರೆ ನಿಮ್ಮ ಯೋಜನೆ ಈಗಿರುವಂತೆಯೇ ಎರಡು ದಿನ ಮಿತಿ ಮೀರಿದೆ.

ಇನ್ನು ದೂರದ ಲೆಕ್ಕ. ಕಾಲುವೆಯಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 8 ಕಿ.ಮೀ. ಕಟ್ಟಿ ನಿಂತ ದೋಣಿಗಳ ಪಕ್ಕದಲ್ಲಿ ಇನ್ನೂ ನಿಧಾನವಾಗಿ ಹೋಗಬೇಕಾದ್ದರಿಂದ ಸರಾಸರಿ 6 ಎಂದು ಹಿಡಿಯಿರಿ. ಮಿದಿ ಕಾಲುವೆ 240 ಕಿ.ಮೀ., ಹಾಗಾಗಿ ಬರಿಯ ಚಲನೆಗೇ 40 ಗಂಟೆ. ಅದರಲ್ಲಿ 63 ಲಾಕ್‌ಗಳಿವೆ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಬಾಗಿಲುಗಳಿರುವ ಕೋಣೆಗಳು), ಒಂದೊಂದಕ್ಕೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಎಂದರೂ ಒಟ್ಟು 60 ಗಂಟೆ ಮುಟ್ಟುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ನಡೆಸಿದರೆ ಎರಡು ವಾರ. ಬರ್ಗಂಡಿ ಕಾಲುವೆ 242 ಕಿ.ಮೀ., ಹೆಚ್ಚು ಕಡಿಮೆ ಅಷ್ಟೇ ಉದ್ದ, ಆದರೆ ಅಲ್ಲಿ 189 ಲಾಕ್‌ಗಳು! ಅದೊಂದಕ್ಕೇ ಮೂರು ವಾರ ಬೇಕು, ಅದೂ ಎಲ್ಲಿಯೂ ತಂಗದೆ.

ದೂರಪಯಣಿ

ಟುಲೂಸಿನ ಸ್ನೇಹಿತರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸ್ವಂತ ದೋಣಿಯವರು ಪ್ರತಿ ಬೇಸಿಗೆಯಲ್ಲೂ ರೋನ್ ನದಿಯನ್ನು ಹತ್ತುತ್ತಾರೆ, ಇಳಿಯುತ್ತಾರೆ. ಫ್ರಾನ್ಸಿನ ಜಲಮಾರ್ಗ ಸಂಸ್ಥೆಯಾದ ವಿಎನ್‌ಎಫ್‌ನ ಕೈಯಲ್ಲಿ ಸುಮಾರು 6,700 ಕಿ.ಮೀ. ಜಲಮಾರ್ಗವಿದೆ. ಒಂದು ಮೂಲೆಯಲ್ಲಿಯೇ ಬೇಸಿಗೆ ಕಳೆಯಿರಿ ಎಂದು ಹೇಳುವುದು ನ್ಯಾಯವೇ? ಮೂರು ತಿಂಗಳು ಬಾಡಿಗೆ ಕಟ್ಟುವ ಹಣದಲ್ಲಿ ಹಳೆಯ ದೋಣಿಯೊಂದು ಬರುತ್ತದೆ.

ಹಗ್ಗ ಹಿಡಿದವಳು

ಬರಬಹುದು ಸರ್, ಆದರೆ ದೋಣಿಯ ಜೊತೆಗೆ ಬರುವುದೆಲ್ಲವನ್ನೂ ಹೇಳಬೇಕಲ್ಲವೇ? ಸ್ವಂತ ದೋಣಿಗೆ ನಡೆಸುವವರ ಅರ್ಹತಾಪತ್ರ ಬೇಕು, ಒಳನಾಡಿನ ಜಲಸಂಚಾರ ನಿಯಮಗಳ ಪರೀಕ್ಷೆಯಾಗಬೇಕು, ವಿಮೆ ಬೇಕು, ವಿಎನ್‌ಎಫ್‌ಗೆ ದೋಣಿಯ ಉದ್ದ ಮತ್ತು ಅವಧಿಗೆ ತಕ್ಕಂತೆ ಸುಂಕ ಕಟ್ಟಬೇಕು, ತಳ ಪರೀಕ್ಷೆಗಾಗಿ ದೋಣಿಯನ್ನು ನೀರಿನಿಂದ ಮೇಲೆತ್ತಿಸಬೇಕು. ಮಾರಾಟ ಆಗುವವರೆಗೆ ಅದನ್ನು ಎಲ್ಲಿ ಕಟ್ಟುತ್ತೀರಿ? ಚಳಿಗಾಲಕ್ಕೆ ಯಾರು ನೋಡಿಕೊಳ್ಳುತ್ತಾರೆ? ಮೈಸೂರಿನಲ್ಲಿ ಕುಳಿತು ಫ್ರಾನ್ಸಿನ ದೋಣಿ ಮಾರುವುದು ಆರಾಮದ ಮಾತಲ್ಲ. ಮೊದಲ ಬೇಸಿಗೆಗೆ ಬಾಡಿಗೆಯೇ ಸರಿ.

ಹೊಸಬ

ಬಾಡಿಗೆ ದೋಣಿಗೆ ಪರವಾನಗಿ ಬೇಡವೇ? ಅಭ್ಯಾಸವೇ ಇಲ್ಲದವರ ಕೈಗೆ ಅಷ್ಟು ದೊಡ್ಡ ದೋಣಿಯನ್ನು ಕೊಡುತ್ತಾರೆಯೇ?

ಹಗ್ಗ ಹಿಡಿದವಳು

ಕೊಡುತ್ತಾರೆ. ಬಾಡಿಗೆಗೆ ಕೊಡುವವರೇ ಹೊರಡುವ ಮುನ್ನ ಪಾಠ ಹೇಳಿ, ಸ್ವಲ್ಪ ದೂರ ಜೊತೆಯಲ್ಲಿ ನಡೆಸಿ ತೋರಿಸಿ, ಆ ಬಾಡಿಗೆಯ ಅವಧಿಗೆ ಮಾತ್ರ ಸಲ್ಲುವ ತಾತ್ಕಾಲಿಕ ಪತ್ರವೊಂದನ್ನು ಕೊಡುತ್ತಾರೆ. ಆ ಪಾಠವನ್ನು ಅವಸರದಲ್ಲಿ ಮುಗಿಸಲು ಬಿಡಬೇಡಿ. ಅರ್ಥವಾಗುವವರೆಗೆ ಮತ್ತೆ ಮತ್ತೆ ಕೇಳಿ.

ದೋಣಿ ನಡೆಸುವುದಕ್ಕಿಂತ ಲಾಕ್‌ನಲ್ಲಿ ಹಗ್ಗ ಹಿಡಿಯುವುದನ್ನು ಚೆನ್ನಾಗಿ ಕಲಿಯಬೇಕು ಎಂಬುದು ನನ್ನ ಅನುಭವ. ಮೇಲೇರುವಾಗ ದೋಣಿ ಆಳವಾದ ಕಲ್ಲಿನ ಕೋಣೆಯ ತಳಕ್ಕೆ ಬರುತ್ತದೆ, ದಡದ ಕಬ್ಬಿಣದ ಗೂಟ ತಲೆಯ ಮೇಲೆ ಎಲ್ಲೋ ಇರುತ್ತದೆ. ಆದ್ದರಿಂದ ಒಬ್ಬರು ಲಾಕ್‌ಗೆ ಮುಂಚೆಯೇ ದಡಕ್ಕಿಳಿದು, ಮೇಲಿನಿಂದ ಹಗ್ಗ ಪಡೆಯಲು ಸಿದ್ಧರಾಗಿರಬೇಕು. ಹಿಂದಿನ ಬಾಗಿಲು ಮುಚ್ಚಿ, ಮುಂದಿನ ತೂಬು ತೆರೆದಾಗ ನೀರು ನುಗ್ಗಿ ಬಂದು ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ, ಆಗ ಸಡಿಲವಾದ ಹಗ್ಗವನ್ನು ಎಳೆಯುತ್ತಲೇ ಇರಬೇಕು. ಇಳಿಯುವಾಗ ಇದಕ್ಕೆ ವಿರುದ್ಧ. ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಇಟ್ಟುಕೊಂಡು ಬಿಡುತ್ತಾ ಹೋಗಬೇಕು. ಎಂದಿಗೂ ಗಂಟು ಹಾಕಬಾರದು. ಗಂಟು ಹಾಕಿದರೆ ನೀರು ಇಳಿಯುತ್ತಿದ್ದಂತೆ ದೋಣಿ ಹಗ್ಗದಲ್ಲಿ ನೇತಾಡುತ್ತದೆ. ಹಾಗೆಯೇ ಮೇಲಿನ ಬಾಗಿಲಿನ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದು ಚಾಚಿಕೊಂಡಿರುತ್ತದೆ. ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕೂರದಂತೆ ಮುಂದಕ್ಕೆ ನಿಲ್ಲಿಸಿಕೊಳ್ಳಬೇಕು.

ಇನ್ನೊಂದು ಮಾತು. ಬಹಳ ದೋಣಿಗಳಲ್ಲಿ ಗಂಡಸರು ಚುಕ್ಕಾಣಿ ಹಿಡಿದು ನಿಂತಿರುತ್ತಾರೆ, ಹೆಂಗಸರು ಹಗ್ಗದೊಂದಿಗೆ ಹಾರಿ, ಏರಿ, ಓಡಾಡುತ್ತಿರುತ್ತಾರೆ. ದೈಹಿಕ ಶ್ರಮ ಇರುವುದು ಹಗ್ಗದ ಕಡೆಯಲ್ಲಿ. ನೀವಿಬ್ಬರೂ ಎರಡೂ ಕೆಲಸಗಳನ್ನು ಕಲಿತು, ದಿನ ಬಿಟ್ಟು ದಿನ ಬದಲಾಯಿಸಿಕೊಳ್ಳಿ. ಒಬ್ಬರಿಗೆ ಮಂಡಿ ನೋವು ಬಂದ ದಿನ ಪ್ರಯಾಣ ನಿಲ್ಲುವುದಿಲ್ಲ.

ನಾಲೆ ಇಂಜಿನಿಯರ್

ಮಂಡ್ಯದ ನೀರಾವರಿ ನಾಲೆಗಳ ಮೇಲೆ ಸೇವೆ ಸಲ್ಲಿಸಿದವನಾಗಿ ಈ ವಿಷಯದಲ್ಲಿ ನನಗೆ ವಿಶೇಷ ಆಸಕ್ತಿ. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಗದ್ದೆಯತ್ತ ಹರಿಯಬೇಕು, ಆದ್ದರಿಂದ ಉದ್ದಕ್ಕೂ ಅಲ್ಪ ಇಳಿಜಾರನ್ನು ಕೊಟ್ಟಿದ್ದಾರೆ. ದೋಣಿ ಕಾಲುವೆಯಲ್ಲಿ ನೀರು ನಿಂತಿರಬೇಕು. ಎರಡು ಲಾಕ್‌ಗಳ ನಡುವಿನ ಭಾಗ ಸಮತಟ್ಟಾದ ಕೊಳ, ಏರಿಳಿತವೆಲ್ಲ ಲಾಕ್‌ನಲ್ಲೇ ಮುಗಿಯಬೇಕು. ಹೀಗಿರುವಾಗ ಗುಡ್ಡವೊಂದನ್ನು ಹತ್ತಿ ಇಳಿಯುವ ಕಾಲುವೆಗೆ ಅತ್ಯಂತ ಎತ್ತರದ ಜಾಗದಲ್ಲಿ ನೀರು ಎಲ್ಲಿಂದ ಬರಬೇಕು? ಪ್ರತಿ ದೋಣಿ ದಾಟಿದಾಗಲೂ ಲಾಕ್ ತುಂಬುವಷ್ಟು ನೀರು ಮೇಲಿನಿಂದ ಕೆಳಕ್ಕೆ ಹೋಗಿಬಿಡುತ್ತದೆ.

ಮಿದಿ ಕಾಲುವೆಯ ಹಿರಿಮೆ ಇರುವುದು ಈ ಪ್ರಶ್ನೆಗೆ ಅದು ಕೊಟ್ಟ ಉತ್ತರದಲ್ಲಿ. ಅಟ್ಲಾಂಟಿಕ್ ಕಡೆಗೂ ಮೆಡಿಟರೇನಿಯನ್ ಕಡೆಗೂ ನೀರು ಬೇರ್ಪಡುವ ನೊರೂಜ್ ಎಂಬ ತಾಣ ಸಮುದ್ರಮಟ್ಟದಿಂದ 189 ಮೀಟರ್ ಎತ್ತರದಲ್ಲಿದೆ. ಪಿಯೆರ್-ಪಾಲ್ ರಿಕೆ ಎಂಬವರು ಮೊಂತಾಞ್ ನ್ವಾರ್ ಬೆಟ್ಟಸಾಲಿನ ಹೊಳೆಗಳನ್ನು ಬೆಟ್ಟದ ಬದಿಯ ಕಿರುಗಾಲುವೆಗಳ ಮೂಲಕ ತಿರುಗಿಸಿ, ಸೇನ್-ಫೆರೆಯೋಲ್‌ನಲ್ಲಿ ದೊಡ್ಡ ಕಟ್ಟೆ ಕಟ್ಟಿ ನೀರು ಸಂಗ್ರಹಿಸಿ, ಅಲ್ಲಿಂದ ನೊರೂಜ್‌ಗೆ ತಂದರು. ಬೆಟ್ಟದ ಮಳೆನೀರು ಈಗಲೂ ಅದೇ ದಾರಿಯಲ್ಲಿ ಬಂದು, ಅಲ್ಲಿ ಎರಡು ಸಮುದ್ರಗಳ ಕಡೆಗೆ ಹಂಚಿಹೋಗುತ್ತದೆ. ದೋಣಿಯಲ್ಲಿ ಹೋಗುವವರು ಇದನ್ನು ಗಮನಿಸದೆ ದಾಟಿಬಿಡುತ್ತಾರೆ, ದಯವಿಟ್ಟು ನೀವು ನೊರೂಜ್‌ನಲ್ಲಿ ಇಳಿದು ಅರ್ಧ ದಿನ ನಡೆದಾಡಿ.

ಆ ಕಾಲುವೆಯ ಲಾಕ್‌ಗಳು ಮೊಟ್ಟೆಯಾಕಾರದಲ್ಲಿರುವುದಕ್ಕೂ ಕಾರಣವಿದೆ. ಮೊದಲು ಕಟ್ಟಿದ ನೇರ ಗೋಡೆಗಳು ಹಿಂದಿನ ಮಣ್ಣಿನ ಒತ್ತಡಕ್ಕೆ ಕುಸಿದದ್ದರಿಂದ, ಕಮಾನನ್ನು ಮಲಗಿಸಿದ ಹಾಗೆ ಗೋಡೆಯನ್ನು ಬಾಗಿಸಿದರು. ಬೇಝಿಯೆ ಸಮೀಪದ ಮಾಲ್ಪಾ ಸುರಂಗವನ್ನೂ ನೋಡಿ. ಅದರ ಉದ್ದ ಸುಮಾರು 165 ಮೀಟರ್ ಮಾತ್ರ, ನಮ್ಮ ಹುಲಿಕೆರೆ ಸುರಂಗ ನಾಲೆಯನ್ನು ಕಂಡವರಿಗೆ ಚಿಕ್ಕದೆನಿಸಬಹುದು. ಆದರೆ ಅದನ್ನು ಕೊರೆದದ್ದು 1679-80ರಲ್ಲಿ, ದೋಣಿ ಸಾಗುವ ಕಾಲುವೆಗಾಗಿ ಯೂರೋಪಿನಲ್ಲಿ ಕೊರೆದ ಮೊದಲ ಸುರಂಗ ಅದು.

ಇತಿಹಾಸ ಓದುಗ

ಇಂಜಿನಿಯರ್ ಸರ್ ಅವರ ಮಾತಿಗೆ ಒಂದಷ್ಟು ಸೇರಿಸುತ್ತೇನೆ. ರಿಕೆ ವೃತ್ತಿಯಿಂದ ಇಂಜಿನಿಯರ್ ಅಲ್ಲ, ರಾಜನ ಪರವಾಗಿ ಉಪ್ಪಿನ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರ. 1662ರಲ್ಲಿ ಮಂತ್ರಿ ಕೋಲ್ಬೇರ್‌ಗೆ ಪತ್ರ ಬರೆದು ಯೋಜನೆಯನ್ನು ಮುಂದಿಟ್ಟರು, 1666ರಲ್ಲಿ ಹದಿನಾಲ್ಕನೆಯ ಲೂಯಿ ಅನುಮತಿ ಕೊಟ್ಟರು. ಸ್ಪೇನನ್ನು ಬಳಸಿ ಜಿಬ್ರಾಲ್ಟರ್ ಮೂಲಕ ಹಡಗುಗಳು ಹೋಗುವುದನ್ನು ತಪ್ಪಿಸುವುದು ಉದ್ದೇಶ. ಸ್ವಂತ ಆಸ್ತಿಯನ್ನು ಸುರಿದು, ಸಾಲ ಮಾಡಿ ಕಟ್ಟಿದ ರಿಕೆ 1680ರಲ್ಲಿ, ಕಾಲುವೆ ತೆರೆಯಲು ಕೆಲವೇ ತಿಂಗಳಿರುವಾಗ ತೀರಿಕೊಂಡರು. 1681ರಲ್ಲಿ ಕಾಲುವೆ ತೆರೆಯಿತು.

ರಿಕೆಯ ಹೆಸರನ್ನು ಎಲ್ಲರೂ ಹೇಳುತ್ತಾರೆ, ಅಗೆದವರನ್ನು ಹೇಳುವುದಿಲ್ಲ. ಕೆಲಸ ಜೋರಾಗಿದ್ದಾಗ ಸುಮಾರು 12,000 ಮಂದಿ ದುಡಿಯುತ್ತಿದ್ದರು, ಅವರಲ್ಲಿ ಹೆಂಗಸರು ಬಹಳ ಮಂದಿ ಇದ್ದರು, ಮಣ್ಣು ಹೊತ್ತವರು ಅವರೇ. ಮಳೆಯಿಂದ ಕೆಲಸ ನಿಂತ ದಿನಕ್ಕೂ ಕಾಯಿಲೆ ಬಿದ್ದ ದಿನಕ್ಕೂ ರಿಕೆ ಕೂಲಿ ಕೊಡುತ್ತಿದ್ದರು ಎಂಬುದು ಆ ಕಾಲಕ್ಕೆ ದೊಡ್ಡ ವಿಷಯ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1787ರಲ್ಲಿ ತಮ್ಮ ಸಾರೋಟಿನ ಚಕ್ರ ಕಳಚಿ ಅದನ್ನು ದೋಣಿಗೇರಿಸಿ ಇದೇ ಕಾಲುವೆಯಲ್ಲಿ ಟುಲೂಸಿನ ಕಡೆಗೆ ಪ್ರಯಾಣ ಮಾಡಿದ್ದರು. 1996ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ.

ಬರ್ಗಂಡಿ ಪ್ರಿಯ

ಎಲ್ಲರೂ ಮಿದಿ ಮಿದಿ ಎನ್ನುತ್ತಿದ್ದೀರಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಬಿಸಿಲು ಎಷ್ಟಿರುತ್ತದೆ, ಬೇಝಿಯೆ ಬಳಿಯ ಫೋನ್ಸೆರಾನ್‌ನಲ್ಲಿ ಮೆಟ್ಟಿಲಿನಂತೆ ಒಂದಕ್ಕೊಂದು ಅಂಟಿಕೊಂಡಿರುವ ಲಾಕ್‌ಗಳ ಮುಂದೆ ದೋಣಿಗಳ ಸಾಲು ಎಷ್ಟಿರುತ್ತದೆ ಎಂಬುದನ್ನು ಯಾರೂ ಹೇಳುತ್ತಿಲ್ಲ. ಅಲ್ಲಿ ಇಳಿಯುವವರಿಗೂ ಏರುವವರಿಗೂ ಬೇರೆ ಬೇರೆ ಸಮಯ, ಸಮಯ ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ಚಿತ್ರಗಳಲ್ಲಿ ಕಾಣುವ ಮರಗಳ ನೆರಳು ಕೂಡ ಅನೇಕ ಕಡೆ ಹೋಗಿದೆ.

ನನ್ನ ಆಯ್ಕೆ ಬರ್ಗಂಡಿ ಪ್ರದೇಶದಲ್ಲೇ ಇರುವ ನಿವೆರ್ನೆ ಕಾಲುವೆ. ಒಸೇರ್‌ನಿಂದ ಡೆಸೀಜ್‌ವರೆಗೆ 174 ಕಿ.ಮೀ. ಹಿಂದೆ ಮೋರ್ವಾನ್ ಕಾಡಿನ ಸೌದೆಯನ್ನು ಪ್ಯಾರಿಸ್ಸಿಗೆ ತಲುಪಿಸಲು ರೂಪುಗೊಂಡ ಕಾಲುವೆ ಅದು, ಸೌದೆಯನ್ನು ತೆಪ್ಪವಾಗಿ ಕಟ್ಟಿ ತೇಲಿಸಿಕೊಂಡು ಹೋಗುತ್ತಿದ್ದವರ ಊರು ಕ್ಲಾಮ್ಸಿ ಅದೇ ದಾರಿಯಲ್ಲಿದೆ. ಲಾಕ್‌ಗಳು ಬಹುಪಾಲು ಕೈಯಿಂದ ತಿರುಗಿಸುವಂಥವು. ನೀವು ಒಂದು ಬಾಗಿಲನ್ನು ತಳ್ಳುತ್ತೀರಿ, ಲಾಕ್ ಕಾಯುವವರು ಇನ್ನೊಂದನ್ನು ತಳ್ಳುತ್ತಾರೆ, ಅಷ್ಟರಲ್ಲಿ ಮಾತು ಬೆಳೆಯುತ್ತದೆ, ಅವರ ತೋಟದ ಟೊಮೆಟೊ ನಿಮ್ಮ ಅಡುಗೆಮನೆಗೆ ಬರುತ್ತದೆ. ಸಾರ್ದಿ ಬಳಿ ಒಂದರ ಹಿಂದೆ ಒಂದು 16 ಲಾಕ್‌ಗಳು, ಆಮೇಲೆ ಲಾ ಕೊಲಾನ್ಸೆಲ್‌ನ ಸುರಂಗಗಳು, ಅವುಗಳ ನಡುವಿನ ಕಡಿದಾದ ಕಂದಕದಲ್ಲಿ ಗೋಡೆಯ ತುಂಬ ಪಾಚಿ, ಜರಿಗಿಡ. ಮಲೆನಾಡಿನವನಾದ ನನಗೆ ಫ್ರಾನ್ಸಿನಲ್ಲಿ ಇಷ್ಟು ಪ್ರಿಯವಾದ ಜಾಗ ಇನ್ನೊಂದಿಲ್ಲ.

ಟುಲೂಸ್ ಕನ್ನಡಿಗ

ಮರಗಳ ವಿಷಯದಲ್ಲಿ ಅವರು ಹೇಳಿದ್ದು ನಿಜ, ಆದರೆ ಅರ್ಧ ನಿಜ. ಮಿದಿ ಕಾಲುವೆಯ ಎರಡೂ ಬದಿಯಲ್ಲಿ ಪ್ಲೇನ್ ಎಂಬ ಜಾತಿಯ ಸುಮಾರು 42,000 ನೆರಳಿನ ಮರಗಳಿದ್ದವು. ಅವುಗಳ ಬೇರು ಏರಿಯನ್ನು ಹಿಡಿದಿಟ್ಟಿತ್ತು, ನೆರಳು ನೀರು ಆವಿಯಾಗುವುದನ್ನು ತಗ್ಗಿಸುತ್ತಿತ್ತು. 2006ರಲ್ಲಿ ಈ ಕಾಲುವೆಯ ಮರಗಳಲ್ಲಿ ಶಿಲೀಂಧ್ರ ರೋಗವೊಂದು ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಅದು ಫ್ರಾನ್ಸಿಗೆ ಬಂತು ಎನ್ನುತ್ತಾರೆ. ಔಷಧಿಯಿಲ್ಲದ ಕಾರಣ ಸಾವಿರಾರು ಮರಗಳನ್ನು ಕಡಿದು ಸುಟ್ಟರು, ಈಗ ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಕಡಿದ ಜಾಗಗಳಲ್ಲಿ ನಡೆಯುವಾಗ ಸಂಕಟವಾಗುತ್ತದೆ, ಆದರೂ ದಟ್ಟ ನೆರಳಿನ ಭಾಗಗಳು ಇನ್ನೂ ಉಳಿದಿವೆ. ಒಂದು ಬೇಡಿಕೆ: ದೋಣಿಯ ಹಗ್ಗವನ್ನು ಮರಕ್ಕೆ ಕಟ್ಟಬೇಡಿ. ಹಗ್ಗ ಉಜ್ಜಿದ ಗಾಯದ ಮೂಲಕವೇ ರೋಗ ಒಳಹೋಗುತ್ತದೆ. ದೋಣಿಯಲ್ಲಿ ಗೂಟ, ಸುತ್ತಿಗೆ ಕೊಟ್ಟಿರುತ್ತಾರೆ, ಅದನ್ನೇ ಬಳಸಿ.

ನಾಲೆ ಇಂಜಿನಿಯರ್

ಬರ್ಗಂಡಿ ಪ್ರಿಯರೇ, ನೀವು ಮಿದಿಯ ಬಿಸಿಲನ್ನು ಹೇಳಿದಿರಿ, ಬರ್ಗಂಡಿ ಪ್ರದೇಶದ ನೀರಿನ ಕೊರತೆಯನ್ನು ಹೇಳಲಿಲ್ಲ. ಬರ್ಗಂಡಿ ಕಾಲುವೆಯ ಶಿಖರಭಾಗ 378 ಮೀಟರ್ ಎತ್ತರದಲ್ಲಿದೆ, ಅದಕ್ಕೆ ನೀರು ಕೊಡುವುದು ಸುತ್ತಲಿನ ಕೆರೆಗಳು. ಚಳಿಗಾಲದ ಮಳೆ ಕಡಿಮೆಯಾದರೆ ಆಗಸ್ಟ್ ಹೊತ್ತಿಗೆ ಕೆರೆ ಬರಿದಾಗುತ್ತದೆ. 2022ರ ಬರದಲ್ಲಿ ಹಲವು ಕಾಲುವೆಗಳ ಭಾಗಗಳನ್ನು ಋತುವಿನ ಮಧ್ಯದಲ್ಲೇ ಮುಚ್ಚಬೇಕಾಯಿತು. ಕಟ್ಟೆಯ ನೀರನ್ನು ನೋಡಿ ಬೆಳೆ ನಿರ್ಧರಿಸುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕಡೆ ಹೋಗುವುದಾದರೆ ಬೇಸಿಗೆಯ ಮೊದಲ ಭಾಗದಲ್ಲೇ ಹೋಗಬೇಕು.

ಬರ್ಗಂಡಿ ಪ್ರಿಯ

ಒಪ್ಪುತ್ತೇನೆ. ಜೂನ್, ಜುಲೈ ಮೊದಲರ್ಧ ಅಲ್ಲಿಗೆ ಸೂಕ್ತ.

ಸಸ್ಯಾಹಾರಿ ಪಯಣ

ಊಟದ ವಿಷಯಕ್ಕೆ ಬರುತ್ತೇನೆ. ಕಾಲುವೆಯೂರುಗಳ ಹೋಟೆಲಿನಲ್ಲಿ ಸಸ್ಯಾಹಾರ ಕಷ್ಟ. ಕಾಸ್ತೆಲ್ನೋದಾರಿ ಊರು ಕಾಸೂಲೆ ಎಂಬ ಬೀನ್ಸಿನ ಖಾದ್ಯಕ್ಕೆ ಪ್ರಸಿದ್ಧ. ಹೆಸರು ಕೇಳಿ ಹುರಳಿಕಾಯಿ ಪಲ್ಯದಂಥದ್ದೇನೋ ಎಂದುಕೊಳ್ಳಬೇಡಿ, ಅದರಲ್ಲಿ ಬಾತುಕೋಳಿ, ಹಂದಿಮಾಂಸ ಎಲ್ಲವೂ ಇರುತ್ತದೆ. ಆದರೆ ದೋಣಿಯಲ್ಲಿ ಗ್ಯಾಸ್ ಒಲೆ, ಫ್ರಿಜ್ ಇರುವುದರಿಂದ ಮನೆಯ ಅಡುಗೆಗೆ ತೊಂದರೆಯಿಲ್ಲ. ವಾರದ ಸಂತೆಗಳಲ್ಲಿ ಬದನೆ, ಕುಂಬಳ ಜಾತಿಯ ಕಾಯಿಗಳು, ಹಸಿ ಬೀನ್ಸ್, ಏಪ್ರಿಕಾಟ್, ಪೀಚ್ ಹೇರಳವಾಗಿ ಸಿಗುತ್ತವೆ. ತೊಗರಿಬೇಳೆ ಸಣ್ಣ ಊರುಗಳಲ್ಲಿ ಸಿಗುವುದಿಲ್ಲ, ಕಡಲೆ ಮತ್ತು ಹಸಿರು ಮಸೂರ ಎಲ್ಲೆಡೆ ಸಿಗುತ್ತವೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮೈಸೂರಿನಿಂದಲೇ ಒಯ್ಯಿರಿ.

ತುಪ್ಪ ಮಾತ್ರ ಒಯ್ಯಬೇಡಿ. ಯೂರೋಪ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ಮೈಸೂರುಪಾಕಿಗೂ ಇದೇ ಕಾರಣಕ್ಕೆ ತಡೆಯಾಗಬಹುದು. ಅಲ್ಲಿನ ಉಪ್ಪಿಲ್ಲದ ಬೆಣ್ಣೆ ಬಹಳ ಚೆನ್ನಾಗಿರುತ್ತದೆ, ದೋಣಿಯಲ್ಲೇ ಕಾಯಿಸಿಕೊಳ್ಳಿ.

ದೂರಪಯಣಿ

ಲಾಕ್‌ಗಳ ಮಧ್ಯಾಹ್ನದ ಬಿಡುವಿನ ಬಗ್ಗೆಯೂ ಎಚ್ಚರಿಕೆ ಇರಲಿ. ಹನ್ನೆರಡು, ಹನ್ನೆರಡೂವರೆಗೆ ಬಾಗಿಲು ಮುಚ್ಚಿ ಊಟಕ್ಕೆ ಹೋಗಿಬಿಡುತ್ತಾರೆ, ಸಂಜೆ ಏಳಕ್ಕೆ ಆ ದಿನದ ಕೆಲಸ ಮುಗಿಯಿತು. ಪ್ರವಾಸಿಗಳಿಂದ ಆದಾಯ ಬರುವ ಋತುವಿನಲ್ಲಾದರೂ ಪಾಳಿಯಲ್ಲಿ ತೆರೆದಿಡಬಾರದೇ?

ಹಗ್ಗ ಹಿಡಿದವಳು

ಬಾರದು ಎಂದು ನಾನು ಬಲವಾಗಿ ಹೇಳುತ್ತೇನೆ. ಬಿಸಿಲಿನಲ್ಲಿ ನಿಂತು ಬಾಗಿಲು ತಿರುಗಿಸುವವರು ನೆಮ್ಮದಿಯಾಗಿ ಕುಳಿತು ಉಣ್ಣಬೇಕು. ಆ ಒಂದು ಗಂಟೆ ನಿಮಗೂ ಊಟದ ಹೊತ್ತೇ. ಮರದ ಕೆಳಗೆ ದೋಣಿ ನಿಲ್ಲಿಸಿ, ಅನ್ನ ಮಾಡಿ, ಪಕ್ಕದ ದೋಣಿಯವರೊಡನೆ ಮಾತನಾಡಿ. ಅವಸರವಿರುವವರು ರೈಲಿನಲ್ಲಿ ಹೋಗಲಿ.

ದೂರಪಯಣಿ

ಅವಸರ ಬೇರೆ, ಗುರಿ ಬೇರೆ. ಗುರಿ ಇಟ್ಟುಕೊಂಡು ಪ್ರಯಾಣ ಮಾಡುವವರಿಗೂ ಕಾಲುವೆಯಲ್ಲಿ ಜಾಗವಿದೆ. ದೊಡ್ಡ ದೂರ ಕ್ರಮಿಸಿದ ತೃಪ್ತಿಯೂ ಒಂದು ಬಗೆಯ ಸಂತೋಷವೇ.

ಕಾವೇರಿತೀರ

ಇಷ್ಟೊಂದು ವಿವರ ಕೊಟ್ಟ ಎಲ್ಲರಿಗೂ ಕೃತಜ್ಞತೆಗಳು. ನಾವಿಬ್ಬರೂ ನಿನ್ನೆ ರಾತ್ರಿ ಕುಳಿತು ಎಲ್ಲವನ್ನೂ ಓದಿದೆವು. ಬಾಡಿಗೆ ದೋಣಿ, ಎರಡೇ ಕಾಲುವೆ ಎಂದು ನಿರ್ಧರಿಸಿದ್ದೇವೆ. ಮೊದಲು ನಿವೆರ್ನೆ, ಆಮೇಲೆ ಮಿದಿ. ಆದರೆ ಹಾಗೆ ಮಾಡಿದರೆ ಮಿದಿ ಕಾಲುವೆಗೆ ಹೋಗುವುದು ಆಗಸ್ಟ್ ತಿಂಗಳ ಬಿಸಿಲಿಗೇ ಬರುತ್ತದೆಯಲ್ಲ?

ಟುಲೂಸ್ ಕನ್ನಡಿಗ

ಇಡೀ ಪ್ರಯಾಣವನ್ನೇ ಎರಡು ವಾರ ಮುಂದಕ್ಕೆ ಹಾಕಿ ಮೇಡಂ. ಜೂನ್ ಮಧ್ಯದಿಂದ ನಿವೆರ್ನೆಯಲ್ಲಿ ನಾಲ್ಕು ವಾರ ಇರಿ. ಜುಲೈ ಕೊನೆ, ಆಗಸ್ಟ್ ಮೊದಲ ಭಾಗದಲ್ಲಿ ಬಾಡಿಗೆಯೂ ಅತಿ ಹೆಚ್ಚು, ಜನವೂ ಹೆಚ್ಚು. ಆಗ ದೋಣಿ ಬಿಟ್ಟು ಯಾವುದಾದರೂ ಹಳ್ಳಿಯಲ್ಲಿ ಮನೆ ಹಿಡಿದು ವಿಶ್ರಾಂತಿ ತೆಗೆದುಕೊಳ್ಳಿ. ಆಗಸ್ಟ್ ಕೊನೆಯ ವಾರ ಮಿದಿಗೆ ಬನ್ನಿ. ಸೆಪ್ಟೆಂಬರ್‌ನಲ್ಲಿ ಬಿಸಿಲು ತಗ್ಗುತ್ತದೆ, ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಟುಲೂಸಿನಿಂದಲೇ ಹೊರಡಬೇಕೆಂದಿಲ್ಲ. ಕಾರ್ಕಸಾನ್ ಹತ್ತಿರದ ತ್ರೆಬ್‌ನಿಂದ ಹೊರಟರೆ, ಆರ್ಜಾನ್ಸ್ ಲಾಕ್ ದಾಟಿದ ಮೇಲೆ ಫೋನ್ಸೆರಾನ್‌ವರೆಗೆ 54 ಕಿ.ಮೀ. ಉದ್ದಕ್ಕೆ ಒಂದೂ ಲಾಕ್ ಇಲ್ಲ. ಲ ಸೊಮಾಯ್, ಕಾಪೆಸ್ತಾಂಗ್ ಎಲ್ಲ ಆ ಭಾಗದಲ್ಲೇ ಬರುತ್ತವೆ, ಹಗ್ಗದ ಶ್ರಮವಿಲ್ಲದೆ ವಾರಗಟ್ಟಲೆ ಕಳೆಯಬಹುದು. ಕಾಪೆಸ್ತಾಂಗ್‌ನ ಹಳೆಯ ಸೇತುವೆ ಬಹಳ ತಗ್ಗು, ಮೇಲಿನ ಛತ್ರಿ, ಸೈಕಲ್‌ಗಳನ್ನು ಮೊದಲೇ ಇಳಿಸಿಕೊಳ್ಳಿ. ಗಾಳಿ ಜೋರಾಗಿ ಬೀಸುವ ದಿನ ಹೊರಡಬೇಡಿ, ಈ ದೋಣಿಗಳು ಅಡ್ಡಗಾಳಿಗೆ ಬೇಗ ಸರಿಯುತ್ತವೆ.

ಲೆಕ್ಕಿಗ

ಜೂನ್ 15ಕ್ಕೆ ಬಂದಿಳಿದರೆ 90ನೆಯ ದಿನ ಸೆಪ್ಟೆಂಬರ್ 12. ಹಾಗೆಂದು ಅದೇ ದಿನಕ್ಕೆ ಹಿಂದಿರುಗುವ ಟಿಕೆಟ್ ಮಾಡಿಸಬೇಡಿ, ವಿಮಾನ ರದ್ದಾದರೆ ಮಿತಿ ಮೀರುತ್ತದೆ. ಸೆಪ್ಟೆಂಬರ್ 8ರ ಆಸುಪಾಸಿಗೆ ಮಾಡಿಸಿ. ವೀಸಾ ಚೀಟಿಯಲ್ಲಿ 90ಕ್ಕಿಂತ ಕಡಿಮೆ ದಿನ ನಮೂದಿಸಿ ಕೊಡುವುದೂ ಉಂಟು, ಅಲ್ಲಿ ಬರೆದ ಸಂಖ್ಯೆಯೇ ಅಂತಿಮ, ಆದ್ದರಿಂದ ಕೈಗೆ ಬಂದ ಕೂಡಲೇ ಓದಿ ನೋಡಿ. ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ವಾಸ್ತವ್ಯದ ಪುರಾವೆಯಾಗಿ ಎರಡೂ ದೋಣಿಗಳ ಬಾಡಿಗೆ ಕರಾರುಪತ್ರವನ್ನೂ ನಡುವಿನ ಹಳ್ಳಿಮನೆಯ ಕಾಯ್ದಿರಿಸುವಿಕೆಯನ್ನೂ ಸೇರಿಸಿ, ಒಂದು ದಿನವೂ ಖಾಲಿ ಬಿಡಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಜುಲೈ 14 ಅಲ್ಲಿನ ರಾಷ್ಟ್ರೀಯ ದಿನ, ಕೆಲವು ಕಾಲುವೆಗಳಲ್ಲಿ ಅಂದು ಲಾಕ್‌ಗಳು ಮುಚ್ಚಿರುತ್ತವೆ. ನಿವೆರ್ನೆಯಲ್ಲಿ ದೋಣಿ ಒಪ್ಪಿಸುವ ದಿನ ಅದರ ಆಸುಪಾಸಿಗೇ ಬರುವುದರಿಂದ, ಕರಾರಿಗೆ ಸಹಿ ಹಾಕುವ ಮೊದಲೇ ಅವರನ್ನು ಕೇಳಿ ಖಚಿತಪಡಿಸಿಕೊಳ್ಳಿ.